‘ನಿಗಿನಿಗಿ’ ಸ್ಮರಣ ಸಂಚಿಕೆ

ಕಾಲೇಜಿನ ಹಿಂಬದಿಯ ಮಹಡಿಯಲ್ಲಿ, ಆಟದ ಸಾಮಾನು ಇಡುವ ಉಗ್ರಾಣದ ಪಕ್ಕದ ಕೋಣೆಯಲ್ಲಿ ‘ನಿಗಿನಿಗಿ’ ಎಂಬ ವಿದ್ಯಾರ್ಥಿಗಳ ಸಾಹಿತ್ಯ ಪತ್ರಿಕೆ ನಡೆಯುತ್ತಿತ್ತು. ನಡೆಯುತ್ತಿತ್ತು ಎನ್ನುವುದು ಮರ್ಯಾದೆಯ ಮಾತು, ಕೂತಿರುತ್ತಿತ್ತು. ಗೋಡೆಯಾಚೆಯಿಂದ ಬೆವರು ಹಿಡಿದ ಪ್ಯಾಡುಗಳ ನಾತ, ಈಚೆ ಟೀ ಲೋಟದ ಉಂಗುರಗಳು ಬಿದ್ದ ಮೇಜು, ಮೇಜಿನ ಕುಂಟುಕಾಲಿನ ಕೆಳಗೆ ಒತ್ತು ಕೊಟ್ಟ ಹಳೆಯ ಸಂಚಿಕೆಗಳು. ಆ ಪತ್ರಿಕೆಯಿಂದ ಲೋಕಕ್ಕೆ ಆಗಿದ್ದ ಒಂದೇ ಉಪಕಾರವೆಂದರೆ ಆ ಮೇಜು ಅಲುಗಾಡುತ್ತಿರಲಿಲ್ಲ.

ಸಂಪಾದಕ ಪಾಸಾಗದೆ ಉಳಿದು ಹಿರಿಯನಾದವನು. ಅದಕ್ಕೆ ಅನುಭವ ಎಂದು ಹೆಸರಿಟ್ಟುಕೊಂಡಿದ್ದ. ಓರಗೆಯವರಿಂದಲೂ ‘ಸರ್’ ಅನ್ನಿಸಿಕೊಳ್ಳುತ್ತಿದ್ದ. ಅವನ ಬಲಗೈ ವಿಮರ್ಶಕ. ತಾನು ಒಂದು ಸಾಲನ್ನೂ ಬರೆದವನಲ್ಲ, ಬೇರೆಯವರ ಸಾಲು ಕಂಡರೆ ಮಾತ್ರ ಹುಳಿ ಕಚ್ಚಿದವನಂತೆ ಮುಖ ಮಾಡುತ್ತಿದ್ದ. ಮುಖಪುಟ ಬಿಡಿಸುತ್ತಿದ್ದವಳು ಚಿತ್ರಗಾರ್ತಿ. ಅವಳು ಏನು ಬಿಡಿಸಹೊರಟರೂ ಕೊನೆಗೆ ಒಂದು ಕಾಗೆ, ಒಂದು ಕಣ್ಣು ಆಗುತ್ತಿತ್ತು. ಮೂವರೂ ಒಬ್ಬರ ಬೆನ್ನನ್ನು ಒಬ್ಬರು ತಟ್ಟಿ ತಟ್ಟಿ ಅಂಗೈ ಸವೆಸಿಕೊಂಡಿದ್ದರು.

ಇವರ ಮುಂದೆ ಇತಿಹಾಸ ವಿಭಾಗದ ಎರಡನೇ ವರ್ಷದ ಹುಡುಗನೊಬ್ಬ ಆಗಾಗ ಕವಿತೆ ಹಿಡಿದು ಬಂದು ನಿಲ್ಲುತ್ತಿದ್ದ. ಕ್ಷೌರಿಕನ ಮಗ, ಮಾತು ಕಡಿಮೆ. ಪ್ರತಿ ಸಾಲಿನ ಕೊನೆಗೂ ಅಲ್ಪವಿರಾಮ ಹಾಕುತ್ತಾನೆಂದು ವಿಮರ್ಶಕ ಅವನನ್ನು ‘ಅಲ್ಪವಿರಾಮ’ ಎಂದು ಕರೆದ. ಅದು ಉದ್ದವಾಯಿತೆಂದು ಬರೀ ‘ಅಲ್ಪ’ ಉಳಿಯಿತು.

ಅಲ್ಪನ ಕೊನೆಯ ಕವಿತೆ ಸಂಜೆ ಗೇಟಿನ ಬಳಿ ನಿಂತು ತಮ್ಮನಿಗಾಗಿ ಕಾಯುವ ಅಕ್ಕನ ಬಗ್ಗೆ. ವಿಮರ್ಶಕ ಅದನ್ನು ಮೂಗು ಸೊರಗುಟ್ಟಿಸುತ್ತ ಗಟ್ಟಿಯಾಗಿ ಓದಿದ. ಸಂಪಾದಕ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಮ್ಮ, ಅಕ್ಕ, ಅಜ್ಜಿ! ಇದನ್ನ ಬಿಟ್ಟು ನಿಮಗೆಲ್ಲ ಬೇರೆ ಗತಿಯೇ ಇಲ್ವಾ? ಪಾಪ, ನಿಮ್ಮಕ್ಕ ಇನ್ನೂ ಗೇಟಲ್ಲೇ ನಿಂತಿದ್ದಾಳಾ?”

“ನನಗೆ ಅಕ್ಕ ಇಲ್ಲ ಸರ್. ಇದ್ದಿದ್ರೆ ಅಂತ ಬರೆದೆ.”

“ಓಹೋ, ಅದೂ ಸುಳ್ಳು!” ಎಂದ ವಿಮರ್ಶಕ. ಹಾಳೆ ಮೇಜಿನ ಖಾನೆಗೆ ಹೋಗಿ ಬಿತ್ತು.

ಆಮೇಲೆ ಅಲ್ಪ ಕಾಣಿಸಲಿಲ್ಲ. ಅವನ ಅಪ್ಪ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಮಗ ಊರಿಗೆ ಹೋಗಿ ಅಂಗಡಿಯಲ್ಲಿ ಕತ್ತರಿ ಹಿಡಿದಿದ್ದ. ಕೋಣೆಯ ಮೂವರಿಗೆ ಅವನ ನೆನಪೂ ಆಗಲಿಲ್ಲ. ಅವರಿಗೆ ಅವರದೇ ಕಷ್ಟ: ‘ಶೂನ್ಯ’ ಎಂಬ ವಿಶೇಷ ಸಂಚಿಕೆ ಘೋಷಿಸಿ ಕೂತಿದ್ದರು, ಒಳಗೆ ಹಾಕಲು ಏನೂ ಇರಲಿಲ್ಲ.

ಅಷ್ಟರಲ್ಲಿ ಬಸ್ಸು ಮಗುಚಿ ಕಾಲೇಜಿನ ಹುಡುಗನೊಬ್ಬ ತೀರಿಕೊಂಡ. ಸೂಚನಾಫಲಕದಲ್ಲಿ ಚೀಟಿ ಅಂಟಿತ್ತು. ಹೆಸರು, ಕೆಳಗೆ ವಿಭಾಗ. ಸಂಪಾದಕ ಹೆಸರಿನವರೆಗೆ ಓದಿ, ಮೆಟ್ಟಿಲನ್ನು ಹಾರಿ ಹಾರಿ ಹತ್ತಿ ಬಂದ.

“ನಮ್ಮ ಅಲ್ಪ ಹೋಗ್ಬಿಟ್ಟ ಕಣ್ರೋ!”

ಮೂವರ ಕಣ್ಣುಗಳೂ ‘ಶೂನ್ಯ’ದ ಖಾಲಿ ಹಾಳೆಗಳ ಕಡೆ ಹೋದವು. ಆಮೇಲೆ ವಿಮರ್ಶಕ ಮೆಲ್ಲಗೆ ಹೇಳಿದ, “ಸ್ಮರಣ ಸಂಚಿಕೆ ಮಾಡಬಹುದು.”

ಖಾನೆಯ ತಳದಿಂದ ಕವಿತೆಗಳು ಎದ್ದು ಬಂದವು. ಮೂಗು ಸೊರಗುಟ್ಟಿಸಿದ್ದ ವಿಮರ್ಶಕ ಈಗ ಅವುಗಳಲ್ಲಿ ‘ಸಾವಿನ ಮುನ್ಸೂಚನೆ’ ಕಂಡ. ಸಾಲಿನ ಕೊನೆಯ ಅಲ್ಪವಿರಾಮಗಳು ಮುಗಿಯಲೊಲ್ಲದ ಬದುಕಿನ ಹಂಬಲವಾದವು. ಸಂಪಾದಕನಂತೂ ‘ನನ್ನ ಆತ್ಮೀಯ ಗೆಳೆಯ’ ಎಂದು ಶುರು ಮಾಡಿ, ಇಬ್ಬರೂ ಒಂದೇ ಲೋಟದಲ್ಲಿ ಟೀ ಹಂಚಿಕೊಂಡ ಸಂಜೆಗಳ ಬಗ್ಗೆ ಪುಟಗಟ್ಟಲೆ ಬರೆದ. ಮುಖಪುಟಕ್ಕೆ ಹುಡುಗನ ಚಿತ್ರ ಬೇಕಾಯಿತು. ಅವನ ಮುಖ ಹೇಗಿತ್ತೆಂದು ಮೂವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಚಿತ್ರಗಾರ್ತಿ ಬೆನ್ನು ಮಾಡಿ ನಡೆದುಹೋಗುವವನನ್ನು ಬಿಡಿಸಿ, ಪಕ್ಕದಲ್ಲಿ ಕಾಗೆ ಕೂರಿಸಿದಳು.

“ಅವರ ಮನೆಗೊಂದು ಸಲ ಹೋಗಿ ಬರೋಣ್ವಾ?” ಎಂದು ಅವಳು ಕೇಳಿದಳು.

“ದುಃಖದಲ್ಲಿರೋರಿಗೆ ಯಾಕೆ ತೊಂದರೆ?” ಎಂದ ಸಂಪಾದಕ. ಇತಿಹಾಸ ವಿಭಾಗ ಕೆಳಗಿನ ಮಹಡಿಯಲ್ಲೇ ಇತ್ತು. ಅಲ್ಲಿಗೂ ಯಾರೂ ಇಳಿದು ಕೇಳಲಿಲ್ಲ.

ಬಿಡುಗಡೆಯ ದಿನವೇ ಅಲ್ಪ ಊರಿಂದ ಬಂದ. ಕಾಲೇಜಿನ ಗೇಟಿನಲ್ಲಿ ತನ್ನ ಹೆಸರಿಗೆ ಕಪ್ಪು ಚೌಕಟ್ಟು ಹಾಕಿದ ಪೋಸ್ಟರನ್ನು ಎರಡೆರಡು ಸಲ ಓದಿದ. ನೇರ ಕೋಣೆಗೆ ಬಂದ. ಚಿತ್ರಗಾರ್ತಿ ಕಿಟ್ಟನೆ ಕಿರುಚಿದಳು. ಸಂಪಾದಕ ಮಾತ್ರ ರೇಗಿದ.

“ಏನಯ್ಯಾ, ನೀನು ಸತ್ತಿಲ್ವಾ?”

“ಇಲ್ಲ ಸರ್.”

“ಹೇಳಬಾರದಾ?”

“ಏನಂತ ಹೇಳಲಿ ಸರ್?”

“ಸ್ವಲ್ಪವಾದರೂ ಜವಾಬ್ದಾರಿ ಬೇಡ್ವಾ ಜನಕ್ಕೆ?” ಎಂದು ವಿಮರ್ಶಕ ಗೊಣಗಿದ. “ಎಲ್ಲ ಅಚ್ಚಾಗಿದೆ. ಪ್ರಾಂಶುಪಾಲರು ಬರ್ತಿದ್ದಾರೆ.”

ಅಲ್ಪ ಮೇಜಿನ ಮೇಲಿದ್ದ ಸಂಚಿಕೆಯನ್ನು ಎತ್ತಿಕೊಂಡು ತಿರುವಿ ಹಾಕಿದ. ಅವನ ಮುಖದಲ್ಲಿ ಮೆಲ್ಲಗೆ ಬಣ್ಣ ಏರಿತು.

“ಸರ್, ಕವಿತೆ ಚೆನ್ನಾಗಿದೆ ಅಂತ ಬರೆದಿದ್ದೀರಿ.”

“ಆಗ ಸಂದರ್ಭ ಬೇರೆ ಇತ್ತಪ್ಪ,” ಎಂದ ಸಂಪಾದಕ.

ಹುಡುಗನ ಮುಖದ ಬಣ್ಣ ಇಳಿಯಿತು. ಪುಸ್ತಕ ಕೆಳಗಿಟ್ಟು ಕೇಳಿದ, “ಹಾಗಾದರೆ ಸತ್ತಿದ್ದು ಯಾರು?”

ಆ ಪ್ರಶ್ನೆ ಅಲ್ಲಿವರೆಗೆ ಯಾರಿಗೂ ಹೊಳೆದಿರಲಿಲ್ಲ. ಚಿತ್ರಗಾರ್ತಿ ಕೆಳಗೋಡಿ ಫಲಕ ನೋಡಿಬಂದು, “ರಸಾಯನಶಾಸ್ತ್ರದ ಹುಡುಗ. ಹೆಸರು ಮಾತ್ರ ಒಂದೇ,” ಎಂದಳು. ಜತೆಗೆ ಇನ್ನೊಂದು ಸುದ್ದಿಯನ್ನೂ ತಂದಿದ್ದಳು. ಸ್ಮರಣ ಸಂಚಿಕೆ ಎಂದ ಕೂಡಲೇ ಕಚೇರಿಯವರು ಸತ್ತವನ ಮನೆಗೆ ಫೋನು ಮಾಡಿದ್ದರು. ಅವನ ಅಕ್ಕ ಬಂದು ಸಭಾಂಗಣದ ಮೊದಲ ಸಾಲಿನಲ್ಲಿ ಕೂತಿದ್ದಳು.

ಸಂಪಾದಕ ಕನ್ನಡಿಯಲ್ಲಿ ಕಾಲರು ಸರಿಮಾಡಿಕೊಂಡ. “ಒಳ್ಳೇದೇ ಆಯ್ತು. ಹೆಸರು ಅದೇ, ಸತ್ತಿರೋದೂ ನಿಜ. ಯಾರಿಗೇನು ನಷ್ಟ? ನೀನು ಮಾತ್ರ ಇಲ್ಲಿಂದ ಅಲ್ಲಾಡಬೇಡ.”

ಸಭೆ ಕಳೆಗಟ್ಟಿತು. ಸಂಪಾದಕ ತಾನೆಂದೂ ಕಂಡಿರದ ಹುಡುಗನ ಬಗ್ಗೆ ಗಂಟಲು ಕಟ್ಟಿ ಮಾತಾಡಿದ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕನ್ನಡಕ ತೆಗೆಯಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ವಿಮರ್ಶಕ ಅಕ್ಕನ ಕವಿತೆ ಓದಿದ. ಮೊದಲ ಸಾಲಿನಲ್ಲಿ ಕೂತಿದ್ದ ಹೆಂಗಸು ಸೆರಗು ಬಾಯಿಗೊತ್ತಿಕೊಂಡಳು. ಸಂಪಾದಕ ಅದನ್ನು ವೇದಿಕೆಯ ಮೇಲಿಂದ ನೋಡಿ ತೃಪ್ತಿಪಟ್ಟ.

ಸಭೆ ಮುಗಿದ ಮೇಲೆ ಅವಳು, ತಮ್ಮ ಕೂತು ಬರೆಯುತ್ತಿದ್ದ ಕೋಣೆ ನೋಡಬೇಕೆಂದಳು. ಬೇಡವೆನ್ನಲು ನೆಪ ಸಿಗದೆ ಮೇಲೆ ಕರೆತಂದರು. ಆಸ್ಪತ್ರೆಯ ನರ್ಸು; ಕೈಚೀಲದಿಂದ ಸಮವಸ್ತ್ರದ ತುದಿ ಇಣುಕುತ್ತಿತ್ತು. ಮೂಲೆಯಲ್ಲಿ ನಿಂತಿದ್ದ ಹುಡುಗನನ್ನು ನೋಡಿ ಕೇಳಿದಳು, “ನೀವೂ ಅವನ ಸ್ನೇಹಿತರಾ?”

“ಅವನು ಕಸ ಗುಡಿಸೋಕೆ ಬರೋನು,” ಎಂದುಬಿಟ್ಟ ಸಂಪಾದಕ.

ಅವಳು ಕುರ್ಚಿಯಲ್ಲಿ ಕೂತಳು. ಸಂಚಿಕೆಯನ್ನು ಮಡಿಲಲ್ಲಿಟ್ಟುಕೊಂಡು ಆ ಕವಿತೆಯ ಮೇಲೆ ಕೈಯಾಡಿಸಿದಳು.

“ನಾನು ಯಾವತ್ತೂ ಗೇಟಲ್ಲಿ ನಿಂತು ಕಾದವಳಲ್ಲ. ನಂದು ಸಂಜೆ ಪಾಳಿ. ಅವನು ಬರೋ ಹೊತ್ತಿಗೆ ಮನೆಗೆ ಬೀಗ. ತಣ್ಣಗಿರೋ ಅನ್ನ ಬಡಿಸ್ಕೊಂಡು ಒಬ್ಬನೇ ತಿನ್ನೋನು. ಒಂದು ದಿನವೂ ಬೇಜಾರು ಅಂತ ಬಾಯಿ ಬಿಡಲಿಲ್ಲ. ಮನಸ್ಸಲ್ಲಿ ಇಷ್ಟೆಲ್ಲ ಇಟ್ಕೊಂಡಿದ್ದನಾ?” ದನಿ ಒಡೆಯಿತು. “ಒಂದು ದಿನ ರಜೆ ಹಾಕಿ ನಿಂತಿದ್ರೆ ನನ್ನ ಗಂಟೇನು ಹೋಗ್ತಿತ್ತು?”

ಸಂಪಾದಕ ಸಮಾಧಾನದ ದನಿ ತೆಗೆದ. “ಕವಿಗಳ ಮನಸ್ಸು ಹಾಗೇ ಇರುತ್ತೆ, ಅಕ್ಕಾ. ನನ್ನ ಹತ್ರವೂ ಅವನು ಇದನ್ನ ಹೇಳ್ಕೊಂಡು…”

“ಅದು ನಿಮ್ಮ ತಮ್ಮ ಬರೆದಿದ್ದಲ್ಲ,” ಎಂದ ಅಲ್ಪ.

ಸಂಪಾದಕ ಕಣ್ಣು ಕೆಂಪಗೆ ಮಾಡಿದ. ಹುಡುಗ ಅವನ ಕಡೆ ನೋಡಲೇ ಇಲ್ಲ.

“ನಾನು ಬರೆದಿದ್ದು ಅಕ್ಕಾ. ನನ್ನ ಹೆಸರೂ ಅದೇ. ಇವರು ಸತ್ತಿದ್ದು ನಾನು ಅಂದ್ಕೊಂಡು ಪುಸ್ತಕ ಮಾಡಿದ್ರು. ನನಗೆ ಅಕ್ಕ ಇಲ್ಲ, ಸುಮ್ಮನೆ ಕಲ್ಪಿಸ್ಕೊಂಡೆ. ನಿಮ್ಮ ತಮ್ಮ ನಿಮ್ಮ ಮೇಲೆ ಬೇಜಾರು ಮಾಡ್ಕೊಂಡು ಏನೂ ಬರೆದಿಲ್ಲ.”

ಅವಳು ಸಂಚಿಕೆಯನ್ನು ಮುಚ್ಚಿದಳು. ಆಮೇಲೆ ಸಂಪಾದಕನ ಕಡೆ ತಿರುಗಿದಳು.

“ಒಂದೇ ಲೋಟದಲ್ಲಿ ಟೀ ಕುಡಿದ್ರಿ ಅಂದ್ರಲ್ಲ?”

“ಅದು… ಒಂಥರಾ ಸಾಂಕೇತಿಕವಾಗಿ…”

“ನನ್ನ ತಮ್ಮ ಟೀ ಕುಡೀತಾನೇ ಇರಲಿಲ್ಲ.”

ವಿಮರ್ಶಕ ಕಿಟಕಿಯಾಚೆ ಸೈಕಲ್ ಸ್ಟ್ಯಾಂಡಿನಲ್ಲಿ ಏನೋ ಮಹತ್ತಾದದ್ದು ಕಂಡವನಂತೆ ನಿಂತುಬಿಟ್ಟ. ಚಿತ್ರಗಾರ್ತಿ ಅಳುತ್ತಿದ್ದಳು; ಯಾರಿಗಾಗಿ ಎಂದು ಅವಳಿಗೇ ಗೊತ್ತಿರಲಿಲ್ಲ. ನರ್ಸು ಸಂಚಿಕೆಯನ್ನು ಮೇಜಿನ ಮೇಲಿಟ್ಟು, ಗಾಯದ ಬಟ್ಟೆ ಮುಟ್ಟಿದವಳಂತೆ ಬೆರಳು ಒರೆಸಿಕೊಂಡಳು.

“ನನ್ನ ತಮ್ಮ ನಿಮಗೆ ಪರಿಚಯ ಇದ್ನಾ?” ಎಂದು ಹುಡುಗನನ್ನು ಕೇಳಿದಳು.

“ಇಲ್ಲ ಅಕ್ಕಾ.”

“‘ಇಲ್ಲ’ ಅಂತ ನಿಜ ಹೇಳೋನು ಒಬ್ಬನಾದ್ರೂ ಸಿಕ್ಕಿದ್ನಲ್ಲಪ್ಪ.”

“ಅವರ ವಿಭಾಗದಲ್ಲಿ ಗೊತ್ತಿರೋರು ಇರ್ತಾರೆ. ಬನ್ನಿ, ಕೇಳೋಣ.”

ಇಬ್ಬರೂ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹೋದರು. ಸಿಂಕಿನ ಬಳಿ ಗಾಜಿನ ನಳಿಕೆ ತೊಳೆಯುತ್ತಿದ್ದ ಹುಡುಗಿಯೊಬ್ಬಳು ಹೆಸರು ಕೇಳಿದ್ದೇ ಕೈ ಒರೆಸಿಕೊಂಡು ಬಂದಳು. ಅವನ ಪಕ್ಕದಲ್ಲೇ ನಿಂತು ಪ್ರಯೋಗ ಮಾಡುತ್ತಿದ್ದವಳು.

“ನೀವು ನರ್ಸಕ್ಕ ಅಲ್ವಾ? ನಿಮ್ಮ ಹೆಸರು ಹೇಳಿ ಹೇಳಿ ನಮ್ಮ ತಲೆ ತಿಂದಿದ್ದ. ಯಾರಿಗೆ ಬೆರಳು ಸುಟ್ಟರೂ ‘ನಮ್ಮಕ್ಕ ಹಿಂಗೆ ಮಾಡ್ತಾಳೆ’ ಅಂತ ತಾನೇ ಪಟ್ಟಿ ಕಟ್ಟೋನು. ಕಟ್ಟೋಕೆ ಬರ್ತಿರಲಿಲ್ಲ, ಉದುರಿಹೋಗೋದು. ಆಮೇಲೆ ಹಾಡು. ಅಬ್ಬಾ, ಆ ಹಾಡು! ನಿಲ್ಲಿಸೋ ಅಂತ ಬೈದರೆ ಇನ್ನೂ ಜೋರು.”

ಅಕ್ಕ ನಕ್ಕಳು, ಅತ್ತಳು, ಮತ್ತೆ ನಕ್ಕಳು. “ಹೌದು, ರಾಗ ಅನ್ನೋದೇ ಇರಲಿಲ್ಲ ಅವನಿಗೆ,” ಎಂದು ಸ್ಟೂಲು ಎಳೆದುಕೊಂಡು ಕೂತಳು. “ಇನ್ನೇನು ಮಾಡ್ತಿದ್ದ? ಎಲ್ಲ ಹೇಳಮ್ಮ.” ಅಲ್ಪ ಬಾಗಿಲಿಗೆ ಒರಗಿ ಕೇಳುತ್ತ ನಿಂತ.

‘ನಿಗಿನಿಗಿ’ಯವರು ಹೇಗೆ ಮುಖ ಎತ್ತಿ ತಿರುಗುತ್ತಾರೆ ಎಂದು ಯಾರಾದರೂ ಅಂದುಕೊಂಡಿದ್ದರೆ, ಅವರಿಗೆ ಆ ಜಾತಿಯ ಪರಿಚಯವಿಲ್ಲವೆಂದೇ ಅರ್ಥ. ಮುಂದಿನ ಸಂಚಿಕೆಯಲ್ಲಿ ವಿಮರ್ಶಕ ಕೊನೆಗೂ ಒಂದು ಲೇಖನ ಬರೆದ. ಬದುಕಿರುವ ಕವಿಯನ್ನು ಸತ್ತನೆಂದು ಸಾರಿ ಓದುಗರನ್ನು ಪರೀಕ್ಷಿಸಿದ್ದು ತಮ್ಮ ಪತ್ರಿಕೆಯ ದಿಟ್ಟ ಪ್ರಯೋಗವಂತೆ. ಅತಿಥಿಯಾಗಿ ಬಂದ ಪ್ರಾಧ್ಯಾಪಕರೊಬ್ಬರು ಅದನ್ನು ಮೆಚ್ಚಿ ಮಾತಾಡಿದರು. ಚಿತ್ರಗಾರ್ತಿ ಮಾತ್ರ ಆ ಸಂಚಿಕೆಗೆ ಮುಖಪುಟ ಬಿಡಿಸಿಕೊಡಲಿಲ್ಲ. ಅವರು ಹಳೆಯ ಕಾಗೆಯನ್ನೇ ತಿರುಗಿಸಿ ಹಾಕಿಕೊಂಡರು.

ಒಂದು ದಿನ ಮೆಟ್ಟಿಲ ಮೇಲೆ ಸಂಪಾದಕ ಅಲ್ಪನ ಹೆಗಲ ಮೇಲೆ ಕೈ ಹಾಕಿದ. “ಈಗ ನಿನಗೊಂದು ಹೆಸರಾಗಿದೆ ಕಣಯ್ಯ. ಹೊಸದಿದ್ರೆ ಕೊಡು, ಹಾಕೋಣ.”

ಹುಡುಗ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. “ಬರೀತಾ ಇದ್ದೀನಿ. ನಿಮಗೆ ಕೊಡಲ್ಲ.”

ಅವನು ಇಳಿದುಹೋದ ಮೇಲೆ ಸಂಪಾದಕ ವಿಮರ್ಶಕನಿಗೆ ಹೇಳಿದ, “ನೋಡ್ದಾ ಕೊಬ್ಬು? ಸತ್ತಿದ್ದಾಗಲೇ ಚೆನ್ನಾಗಿದ್ದ.”