ಕೊನೆಯ ತಾರೀಖು, ಮೊದಲ ಸಾಲು

ಸುಳ್ಳಲ್ಲ, ಶಹಾಬಾದಿನ ಇನ್ನೂರ ಹನ್ನೆರಡು ಎದೆಗಳು ವಾಡಿಯ ಒಂದು ಬಾಡಿಗೆ ಕೋಣೆಯಲ್ಲಿದ್ದವು. ಫರಸಿ ಕಲ್ಲು ಕೊಯ್ದು, ಪಾಲಿಶ್ ಮಾಡಿ, ಆ ಬಿಳಿ ಧೂಳು ಕುಡಿದ ಎದೆಗಳು. ಒಂದು ಸಂಸ್ಥೆಯವರು ಕಳೆದ ಜೂನಿನಲ್ಲಿ, ನವೆಂಬರಿನಲ್ಲಿ, ಈ ಮಾರ್ಚಿನಲ್ಲಿ ಅವುಗಳ ಎಕ್ಸ್‌ರೇ ತೆಗೆಸಿದ್ದರು. ಫಲಿತಾಂಶಗಳನ್ನೆಲ್ಲ ಕಂಪ್ಯೂಟರಿಗೆ ತುಂಬುವುದು ಸಿದ್ದಲಿಂಗೇಶನ ಕೆಲಸ. ಒಬ್ಬೊಬ್ಬರಿಗೆ ಎರಡು ಮೂರು ಸಾಲು. ಡಾಕ್ಟರ್ ಅಂಬರಾಯರಿಗೆ ಬೇಕಾದದ್ದು ಒಬ್ಬರಿಗೆ ಒಂದೇ ಸಾಲು, ಎಲ್ಲಕ್ಕಿಂತ ಈಚಿನದು. ಅದರಲ್ಲಿ ಕಲೆ, ಜನರ ಬಾಯಲ್ಲಿ ಡಾಗ್, ಇದ್ದವರನ್ನು ನಾಳೆ ಬೆಳಿಗ್ಗೆ ಏಳಕ್ಕೆ ಗಾಡಿ ಹತ್ತಿಸಿ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಿತ್ತು. ಮುಂದಿನ ಗಾಡಿ ಯಾವಾಗಲೋ, ಯಾರಿಗೂ ಗೊತ್ತಿರಲಿಲ್ಲ.

ಸಿದ್ದಲಿಂಗೇಶ ಕಂಪ್ಯೂಟರಿಗೆ ಕೇಳುವ ಪ್ರಶ್ನೆ, ಅಂದರೆ ಕ್ವೆರಿ, ಬರೆದ, ಪಟ್ಟಿ ತೆಗೆದ. ಕಲೆ ಇದ್ದವರು ನಾಲ್ಕೇ ಜನ. ಖುಷಿಯಾಯಿತು. ಅವನಿಗೆ ಖುಷಿಯಾದರೆ ಯಾರದ್ದಾದರೂ ದನಿ ಗಂಟಲಿಗೆ ಬರುತ್ತಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಸಾರಿ, ಹದಿನೈದು ದಿನ ಅಮಾನತಾಗಿ ಮನೆಯಲ್ಲಿ ಕೂತವನು. ಇವತ್ತು ಡಾಕ್ಟರರ ದನಿ ಬಂತು. ಫೋನ್ ಹೋದದ್ದು ಭಗವಂತನಿಗೆ. ಇಪ್ಪತ್ತೆರಡು ವರ್ಷ ಪಾಲಿಶ್ ಮಷಿನ್ ಹಿಡಿದಿದ್ದ ಭಗವಂತನೇ ಮನೆಮನೆ ಅಲೆದು ಜನರನ್ನು ಎಕ್ಸ್‌ರೇಗೆ ಕರೆತಂದಿದ್ದ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಸಾಫ್' ಎಂದಿತ್ತು.

"ನಾ ಡಾಕ್ಟರ್ ಮಾತಾಡ್ಲಿಕತ್ತೀನಿ. ತಿಳೀತಿಲ್ಲೋ? ನಿಮ್ಮ ಎದ್ಯಾಗ ಡಾಗ್ ಅವ. ನಾಳಿ ಏಳಕ್ಕ ಗಾಡಿ ಹತ್ತಬೇಕು. ತಿಳೀತಿಲ್ಲೋ?"

ಆ ಕಡೆಯಿಂದ ಸಣ್ಣ ದನಿ: "ಎಷ್ಟ್ ಅವರಿ, ಸಾಹೇಬ್ರ?"

"ಚಂದ್ರಾಮನ ಮ್ಯಾಲ ಇದ್ದಷ್ಟು!" ಎಂದು ಹೇಳಿ ಸಿದ್ದಲಿಂಗೇಶನೇ ತಡೆಯಲಾರದೆ ನಕ್ಕುಬಿಟ್ಟ. "ಕಾಕಾ, ನಾನು! ನಿನ್ನ ಎದಿ ಸಾಫ್ ಅದ."

"ಏ ಖೋಡಿ! ಜೀವಾನೇ ಹೋಗಿತ್ತಲ್ಲೋ ಮಾರಾಯಾ!" ಭಗವಂತನೂ ನಕ್ಕ.

ಪಟ್ಟಿ ಕಳಿಸಿದ ಅರ್ಧ ತಾಸಿನಲ್ಲಿ ಶಹಾಬಾದಿನಿಂದ ಯಶೋಧರಾಳ ಫೋನು ಬಂತು. ಸಂಸ್ಥೆಯ ಪರವಾಗಿ ಓಣಿ ತಿರುಗಿ ರೋಗಿಗಳನ್ನು ನೋಡಿಕೊಳ್ಳುವವಳು.

"ಅಣ್ಣಾರ, ಲತೀಫಾ ಬೀ ಹೆಸರು ಯಾಕ ಬಿಟ್ಟೀರಿ?"

"ಬಿಟ್ಟಿಲ್ಲವಾ. ಮಾರ್ಚ್ ತಾರೀಖು, ಸಾಫ್ ಅಂತ ಬಂದದ."

"ಮಾರ್ಚ್ ಫೋಟೋ ನಾನೇ ಬಿಸಿಲಿಗೆ ಹಿಡದು ನೋಡೀನ್ರಿ. ಕಣ್ಣಿಗೆ ಕಾಣೋವಂಥ ಡಾಗ್ ಅವ. ನಿಮ್ಮ ಕಂಪ್ಯೂಟರ್‌ಗೆ ಕಣ್ಣಿಲ್ಲೇನ್ರಿ?"

ಸಿದ್ದಲಿಂಗೇಶ ಲತೀಫಾಳ ಮೂರೂ ಸಾಲು ತೆರೆದ. ಜೂನ್, ಸಾಫ್. ನವೆಂಬರ್, ಸಾಫ್. ಮಾರ್ಚ್, ಕಲೆ. ಪಟ್ಟಿಯಲ್ಲಿ ಮಾತ್ರ ಮಾರ್ಚ್, ಸಾಫ್. ಅಂಥದೊಂದು ಸಾಲು ಎಲ್ಲೂ ಇರಲೇ ಇಲ್ಲ.

ತನ್ನ ಕ್ವೆರಿಯನ್ನು ಮತ್ತೆ ಓದಿದ. ಪ್ರತಿಯೊಬ್ಬರ ಸಾಲುಗಳನ್ನು ಒಂದು ಗುಂಪು ಮಾಡಿ, ಗುಂಪಿನ ಕೊನೆಯ ತಾರೀಖು ಕೊಡು ಎಂದಿದ್ದ. ಅದು ಸರಿಯಾಗೇ ಬಂದಿತ್ತು. ಫಲಿತಾಂಶವನ್ನೂ ಕೊಡು ಎಂದಿದ್ದ, ಯಾವ ಸಾಲಿನದು ಎಂದು ಹೇಳಿರಲಿಲ್ಲ. ಆ ಹಳೆಯ ಡೇಟಾಬೇಸು ಕೇಳದೆ, ತಕರಾರು ಮಾಡದೆ, ಗುಂಪಿನಲ್ಲಿ ಮೊದಲು ಕೈಗೆ ಸಿಕ್ಕ ಸಾಲಿನಿಂದ ಎತ್ತಿ ಕೊಟ್ಟಿತ್ತು. ಮಾರ್ಚಿನ ತಾರೀಖಿನ ಪಕ್ಕದಲ್ಲಿ ಜೂನಿನ ಎದೆ.

ಒಬ್ಬೊಬ್ಬರ ಸಾಲುಗಳನ್ನೂ ಹೊಸದು ಮುಂದೆ, ಹಳೆಯದು ಹಿಂದೆ ನಿಲ್ಲಿಸಿ, ನಂಬರು ಹಾಕಿಸಿ, ಒಂದನೇ ನಂಬರಿನ ಸಾಲನ್ನು ಇಡಿಯಾಗಿ ತರಿಸಿದ. ನಾಲ್ಕಿದ್ದದ್ದು ಹನ್ನೊಂದಾಯಿತು. ಒಂಬತ್ತನೆಯ ಹೆಸರು ಭಗವಂತ.

ಹೊಸ ಪಟ್ಟಿಯನ್ನು ಯಶೋಧರಾಗೆ ಕಳಿಸಿ, "ಉಳಿದವರಿಗೆ ನೀ ಹೇಳವಾ. ಕಾಕಾಗ ನಾನೇ ಹೇಳ್ತೀನಿ" ಎಂದ.

"ಕಾಕಾ, ನಾ ಸಿದ್ದಲಿಂಗೇಶ. ಪಟ್ಟಿ ತಪ್ಪಾಗಿತ್ತು. ನಾಳಿ ನೀನೂ ಹೋಗಬೇಕು."

"ಡಾಕ್ಟರ್ ದನಿ ಮುಗೀತು, ಈಗ ಸಿದ್ದಲಿಂಗೇಶನ ದನಿ ತಗಿಲಿಕತ್ತೀಯೇನು? ಇದು ನಿನಗ ಹೊಂದಂಗಿಲ್ಲ ಬಿಡು!" ಫೋನ್ ಇಟ್ಟ. ಮತ್ತೆ ಎತ್ತಲಿಲ್ಲ.

ಸಿದ್ದಲಿಂಗೇಶ ಹೊಸ ಪಟ್ಟಿಯ ಕಾಗದ ಮಡಚಿಕೊಂಡು ಶಹಾಬಾದಿನ ಟಂಟಂ ಹತ್ತಿದ. ದಾರಿಯಲ್ಲಿ ಜಾಲಿ ಗಿಡಗಳೂ ಬಿಳಿ, ತಂತಿಗಳೂ ಬಿಳಿ.

ಭಗವಂತ ಬಾಗಿಲ ಮುಂದಿನ ಫರಸಿಯ ಮೇಲೆ ಕೂತಿದ್ದ. ಹೊಸ್ತಿಲಲ್ಲಿ ಅವನ ಹೆಂಡತಿ ಅನಸುಬಾಯಿ ತೊಗರಿಬೇಳೆ ಕೇರುತ್ತಿದ್ದಳು.

"ಬಂದ ನೋಡ್ರಿ ನಿಮ್ಮ ಡಾಕ್ಟರ!" ಎಂದಳು. "ಎಂಥಾ ಮನುಷಾ ಇದ್ದೀಯಪಾ ನೀ? ಫೋನ್ ಇಟ್ಟ ಮ್ಯಾಲ ಇವರು ಒಂದು ತಂಬಿಗಿ ನೀರು ಕುಡುದ್ರು. ನನಗಂತೂ ಕುಂತಲ್ಲೇ ಕಣ್ಣೀರು ಬಂದ್ವು."

ಸಿದ್ದಲಿಂಗೇಶ ಬಾಯಿ ತೆರೆದ. ಯಾರ ದನಿಯೂ ಬರಲಿಲ್ಲ. ಕಾಗದ ಮುಂದೆ ಹಿಡಿದ.

ಭಗವಂತ ತುಟಿ ಅಲುಗಿಸುತ್ತ ಓದಿದ. ತನ್ನ ಹೆಸರು, ಮಾರ್ಚಿನ ತಾರೀಖು, ಪಕ್ಕದ ಶಬ್ದ. ತಲೆಯೆತ್ತಿ ಹುಡುಗನ ಮುಖ ನೋಡಿದ. ಮತ್ತೆ ಕಾಗದ ನೋಡಿದ. ಮೊರ ನಿಂತಿತ್ತು.

"ಏನದರಿ ಅದ್ರಾಗ?" ಅನಸುಬಾಯಿ ಕೇಳಿದಳು.

ಭಗವಂತ ನಗಲು ಶುರು ಮಾಡಿದ. "ಮತ್ತ ಅದೇ ಚ್ಯಾಷ್ಟಿ! ಈ ಸಲ ಖೋಡಿ ಕಾಗದಾನೂ ಛಾಪಿಸ್ಕೊಂಡು ಬಂದಾನ ನೋಡು!"

ಅವಳೂ ನಕ್ಕಳು. ಎದುರು ಮನೆಯವರು ಇಣುಕಿ, ಏನೆಂದು ತಿಳಿಯದೆಯೇ ನಕ್ಕರು. ಭಗವಂತ ಕಾಗದವನ್ನು ಸಣ್ಣದಾಗಿ ಮಡಚಿ ಬನಿಯನ್ನಿನ ಒಳಜೇಬಿಗೆ ಇಟ್ಟುಕೊಂಡ. ನಗುತ್ತಲೇ ಕೇಳಿದ: "ಗಾಡಿ ಎಲ್ಲಿ ನಿಂದರ್ತದೋ, ಡಾಕ್ಟರಾ?"

"ಬಸ್ ಸ್ಟ್ಯಾಂಡಿನ ಮುಂದ. ಏಳಕ್ಕ."

"ನಮ್ಮಾಕಿ ಕಣ್ಣು ತಪ್ಪಿಸಿ ಬರ್ಬೇಕಲ್ಲೋ" ಎಂದು ಸಿದ್ದಲಿಂಗೇಶನಿಗಷ್ಟೇ ಕೇಳುವಂತೆ ಹೇಳಿ, ಅವನ ತೊಡೆಗೆ ಬಲವಾಗಿ ಹೊಡೆದು, ಓಣಿಯ ಎಲ್ಲರಿಗಿಂತ ಜೋರಾಗಿ ಭಗವಂತ ನಕ್ಕ.