ಮರುಳಸಿದ್ದಯ್ಯ ಶನಿವಾರದ ಸಭೆಗೆ ಹೋದದ್ದು

ಹೊನ್ನವಳ್ಳಿಯ ಕೊಬ್ಬರಿ ವ್ಯಾಪಾರಿ ಮರುಳಸಿದ್ದಯ್ಯ ಬೆಳಿಗ್ಗೆ ಹತ್ತು ಗಂಟೆಗೇ ಅಟ್ಟದ ಏಣಿಯಿಂದ ಜಾರಿ ಬಿದ್ದರು. ಕಾಯಿ ಒಣಗಿದೆಯೇ ನೋಡಿ ಬರುತ್ತೇನೆಂದು ಹತ್ತಿದ್ದರು. ಕಾಯಿ ರಾಶಿಯ ಹಿಂದೆ ಬಾಟಲಿ ಇರುವುದು ಹೆಂಡತಿ ಗಿರಿಜಾಂಬಿಕಾಗೂ ಗೊತ್ತು, ಮಗಳು ಸೌಂದರ್ಯಳಿಗೂ ಗೊತ್ತು. ಗೊತ್ತಿಲ್ಲದಂತೆ ಇರುವುದೇ ಆ ಮನೆಯ ಮರ್ಯಾದೆಯಾಗಿತ್ತು.

ಊದಿದ ಮಣಿಕಟ್ಟಿಗೆ ಬಟ್ಟೆ ಕಟ್ಟಲು ಬಂದ ಆಶಾ ಕಾರ್ಯಕರ್ತೆ ಜ್ಯೋತಿಲಕ್ಷ್ಮಿಯ ಮೂಗಿಗೆ ವಾಸನೆ ಬಡಿಯಿತು.

“ಸಿದ್ದಯ್ಯನೋರೇ, ಎಷ್ಟು ವರ್ಷದಿಂದ?”

“ಏನು ಎಷ್ಟು ವರ್ಷ? ನಾನೇನು ಬೀದೀಲಿ ಬಿದ್ದೋನಾ?”

“ಬೀದೀಲಿ ಬಿದ್ದಿಲ್ಲ ಕಣ್ರೀ. ಏಣಿಯಿಂದ ಬಿದ್ದಿದ್ದೀರಿ.”

ಆ ದಿನ ಗಿರಿಜಾಂಬಿಕಾ ಸುಮ್ಮನಿರಲಿಲ್ಲ. “ಹನ್ನೊಂದು ವರ್ಷ ಕಣಮ್ಮ. ಈಗ ಬೆಳಿಗ್ಗೆ ಕುಡೀದಿದ್ರೆ ಕೈ ನಡುಗ್ತವೆ,” ಎಂದುಬಿಟ್ಟರು.

“ಹಂಗಾದ್ರೆ ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬೇಡಿ. ಫಿಟ್ಸ್ ಬರಬೋದು, ಜೀವಕ್ಕೇ ಕುತ್ತು. ಮೊದ್ಲು ತಿಪಟೂರಿಗೆ ಹೋಗಿ ಡಾಕ್ಟ್ರಿಗೆ ತೋರ್ಸಿ,” ಎಂದಳು ಜ್ಯೋತಿಲಕ್ಷ್ಮಿ. “ಶನಿವಾರ ಸಂಜೆ ಅಲ್ಲೇ ಒಂದು ಸಭೆ ನಡೀತದೆ. ಕುಡಿತ ಬುಟ್ಟೋರು, ಬುಡಬೇಕು ಅನ್ನೋರು ಕೂತ್ಕಂಡು ಮಾತಾಡ್ತಾರೆ. ಫೀಸಿಲ್ಲ. ಊರು, ಮನೆತನ ಯಾರೂ ಕೇಳಲ್ಲ. ಅಲ್ಲಿ ಆಡಿದ ಮಾತು ಆಚೆಗೂ ಬರಲ್ಲ.”

“ಮಾತಾಡಿದ್ರೆ ಕುಡಿತ ಬುಟ್ಟೋಗ್ತದಾ?”

“ಒಬ್ರೇ ಹನ್ನೊಂದು ವರ್ಷ ನೋಡಿದ್ರಲ್ಲ, ಬುಟ್ಟೋಯ್ತಾ?”

ಮರುದಿನವೇ ಮರುಳಸಿದ್ದಯ್ಯ ತಿಪಟೂರಿನ ಆಸ್ಪತ್ರೆಗೆ ಹೋದರು.

ಡಾಕ್ಟರು ಮಾತ್ರೆ ಕೊಟ್ಟರು. ದಿನ ಕಳೆದಂತೆ ಕೈ ನಡುಕ ಇಳಿಯಿತು, ಆಸೆ ಇಳಿಯಲಿಲ್ಲ. ಮುಂದಿನ ಶನಿವಾರ ಅವರು ಟವೆಲನ್ನು ಮೂಗಿನವರೆಗೆ ಸುತ್ತಿಕೊಂಡು ತಿಪಟೂರಿನ ಬಸ್ಸು ಹತ್ತಿದರು. ಸಭೆ ನಡೆಯುತ್ತಿದ್ದುದು ಒಂದು ಶಾಲೆಯ ಕೊಠಡಿಯಲ್ಲಿ. ಬಾಗಿಲಲ್ಲಿ ಟೀ ಹಂಚುತ್ತಿದ್ದವನನ್ನು ನೋಡಿ ಅವರು ಟವೆಲನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡರು.

ಬೋರಯ್ಯ! ಅವರ ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದವನು. ಎರಡು ವರ್ಷದ ಹಿಂದೆ, ಕುಡುಕರಿಗೆ ಇಲ್ಲಿ ಕೆಲಸವಿಲ್ಲ ಎಂದು ಹತ್ತು ಜನರೆದುರು ಅವನನ್ನು ಹೊರಗಟ್ಟಿದವರು ಇವರೇ. ತಕ್ಷಣ ಹಿಂದಕ್ಕೆ ತಿರುಗಿದರು.

ಬೋರಯ್ಯ ಅಡ್ಡ ನಿಂತ. “ಸಾವ್ಕಾರ್ರೇ, ಅವತ್ತು ನೀವು ನನ್ನ ಆಚೆಗಾಕಿದ್ರಿ. ಇವತ್ತು ನಾನು ನಿಮ್ಮನ್ನ ಆಚೆಗೆ ಬುಡಾಕಿಲ್ಲ. ಟೀ ತಗಳಿ, ಕೂತ್ಕಳಿ.”

ಅವನ ದನಿಯಲ್ಲಿ ಕೊಂಕಿರಲಿಲ್ಲ. ಕೂತರು.

ಹದಿನಾಲ್ಕು ಜನ ಇದ್ದರು. ಒಬ್ಬ ಬಸ್ ಡ್ರೈವರ್, ಒಬ್ಬ ಮೇಷ್ಟ್ರು, ಇಬ್ಬರು ಹೆಂಗಸರು. ಒಬ್ಬೊಬ್ಬರೂ ತಮ್ಮ ಕಥೆ ಹೇಳಿಕೊಂಡರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಮರುಳಸಿದ್ದಯ್ಯನವರ ಸರದಿ ಬಂದಾಗ ಅವರು ಟವೆಲ್ ಬಿಚ್ಚಿದರು.

“ನನಗೂ ಕುಡಿಯೋ ಕಾಯಿಲೆ ಐತೆ. ಬೋರಯ್ಯನ್ನ ಕುಡುಕ ಅಂತ ಓಡಿಸಿದ ದಿನ ನಾನೂ ಕುಡ್ದಿದ್ದೆ. ನನ್ನ ಬಾಯಿ ವಾಸನೆ ಯಾರಿಗೂ ಬರಬಾರ್ದು ಅಂತ ಏಲಕ್ಕಿ ಅಗೀತಾ ಅವನಿಗೆ ಬೈದೆ.”

ಬೋರಯ್ಯ ಬಂದು ಪಕ್ಕದಲ್ಲಿ ಕೂತ. “ಅಷ್ಟು ಹೇಳಿದ್ರಲ್ಲ, ಸಾಕು ಬುಡಿ. ಬರೋ ವಾರ ಬತ್ತೀರಲ್ಲ?”

ಹೋದರು. ಮೂರನೇ ವಾರ ಒಂದು ಮದುವೆ ಮನೆಯಲ್ಲಿ ಮತ್ತೆ ಕುಡಿದುಬಿಟ್ಟರು. ಆ ನಾಚಿಕೆಯನ್ನೂ ಹೊತ್ತುಕೊಂಡು ಸಭೆಗೇ ಹೋದರು. ಅಲ್ಲಿ ಅವರನ್ನು ಯಾರೂ ಬೈಯಲಿಲ್ಲ. “ಕುಡಿಯದ ದಿನಗಳನ್ನ ಇವತ್ತಿಂದ ಎಣಿಸಿ,” ಎಂದರು, ಅಷ್ಟೇ.

ಸಭೆಯವರು ಯಾರೂ ಬಾಯಿ ಬಿಡಲಿಲ್ಲ; ಅವರು ಆ ಕೊಠಡಿಗೆ ಹೋಗುವುದನ್ನು ಕಂಡ ಊರಿನವರೊಬ್ಬರಿಂದ ಸುದ್ದಿ ಊರಿಗೆ ಬಂತು. ಅಣ್ಣ ಕರಿಬಸವಯ್ಯ ಒಂದು ದಿನ ಟೀ ಅಂಗಡಿಯ ಮುಂದೆಯೇ ಅವರನ್ನು ತಡೆದರು.

“ಏನ್ಲಾ ಸಿದ್ದ, ಕೂಲಿಯೋರ ಜೊತೆ ಕೂತ್ಕಂಡು ನಾನು ಕುಡುಕ ಅಂತ ಸಾರ್ತೀಯಂತೆ? ನಮ್ಮ ಮನೆತನ ಏನಾಗ್ಬೇಕು? ಮಗಳಿಗೆ ಗಂಡು ಸಿಕ್ತದಾ?”

ಅಂಗಡಿಯಲ್ಲಿದ್ದವರ ಲೋಟಗಳು ಅಲ್ಲಲ್ಲೇ ನಿಂತವು. ಮರುಳಸಿದ್ದಯ್ಯ ಇಷ್ಟು ವರ್ಷ ಹೆದರಿದ್ದು ಈ ಗಳಿಗೆಗೇ. ಆದರೆ ಅದು ಎದುರಿಗೆ ಬಂದು ನಿಂತಾಗ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು.

“ಅಣ್ಣಾ, ನಾನು ಕುಡಿಯೋವಾಗ ನೀನೂ ಕಂಡಿದ್ದೆ. ಆಗ ಮನೆತನ ನೆನಪಾಗ್ಲಿಲ್ವಾ? ಹನ್ನೊಂದು ವರ್ಷ ಕದ್ದು ಕುಡಿದೆ. ಬುಡೋದನ್ನ ಮಾತ್ರ ಕದ್ದು ಬುಡಲ್ಲ. ಯಾರು ಬೇಕಾದ್ರೂ ನೋಡ್ಲಿ!”

ಅಪ್ಪನ ಜೊತೆಗೆ ಬಂದಿದ್ದ ಸೌಂದರ್ಯ, “ದೊಡ್ಡಪ್ಪ, ನಮ್ಮಪ್ಪ ಕುಡಿತ ಬುಟ್ರೆ ಬೇಡ ಅನ್ನೋ ಗಂಡು ನನಗೂ ಬೇಡ,” ಎಂದಳು. ಕರಿಬಸವಯ್ಯ ಗೊಣಗುತ್ತಾ ನಡೆದರು.

ಮರುಳಸಿದ್ದಯ್ಯ ಕುಡಿಯದೆ ಈಗ ಐದು ತಿಂಗಳಾಯಿತು. ಶನಿವಾರದ ಬಸ್ಸಿಗೆ ಗಿರಿಜಾಂಬಿಕಾ ಕೂಡ ಹತ್ತುತ್ತಾರೆ. ಮನೆಯವರಿಗೂ ಅಲ್ಲಿ ಬೇರೆ ಸಭೆ ಇದೆ. ಬೋರಯ್ಯನನ್ನು ಮರುಳಸಿದ್ದಯ್ಯ ಕೆಲಸಕ್ಕೆ ಕರೆದರು. “ನಂಗೆ ಬೇರೆ ಕಡೆ ಕೆಲ್ಸ ಐತೆ ಬುಡಿ ಸಾವ್ಕಾರ್ರೇ,” ಎಂದು ಅವನು ನಕ್ಕ.

ಅಕ್ಕಂದಿರೇ, ಅಣ್ಣಂದಿರೇ, ಕುಡಿತ ಕಾಯಿಲೆ. ಕಾಯಿಲೆಗೆ ಮದ್ದು ಕೇಳಲು ನಾಚಿಕೆ ಯಾಕೆ? ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಇಲ್ಲವೇ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಕಾಸು ಕೊಡಬೇಕಿಲ್ಲ. ದಿನಾ ಕುಡಿಯುವವರಾದರೆ ಮೊದಲು ಡಾಕ್ಟರನ್ನು ನೋಡಿ. ಹತ್ತಿರದ ಸಭೆ ಎಲ್ಲಿದೆ ತಿಳಿದುಕೊಂಡು ಒಂದು ಸಲ ಹೋಗಿ ಕೂತುಬನ್ನಿ. ಮಾತಾಡದಿದ್ದರೂ ಸರಿ. ಜಾರಿದರೆ ಮತ್ತೆ ಹೋಗಿ. ಜನ ನಗುತ್ತಾರೆಯೇ? ನಗಲಿ. ಅವರು ನಕ್ಕು ಮುಗಿಸುವಷ್ಟರಲ್ಲಿ ನೀವು ಸಭೆಯೊಳಗೆ ಕೂತಿರಿ.