ಏಣಿ ಬೆಳೆದ ಪ್ರಕರಣ

ಏಣಿಯೊಂದು ತನ್ನಷ್ಟಕ್ಕೆ ತಾನೇ ಉದ್ದವಾಗುವುದು ಸಾಧ್ಯವೇ ಎಂಬ ಗಹನವಾದ ಪ್ರಶ್ನೆ ಒಂದು ಮಂಗಳವಾರ ಬೆಳಿಗ್ಗೆ ಬಡಗಿಯ ಅಂಗಡಿಯಲ್ಲಿ ವಿಚಾರಣೆಗೆ ಬಂತು. ದೂರು ತಂದವನು ಆ ಪೇಟೆಯ ಬೋರ್ಡುಗಳನ್ನೆಲ್ಲ ಬರೆಯುತ್ತಿದ್ದ ಪೇಂಟರ್. ಅವನ ದನಿಯೂ ಬರಹದಷ್ಟೇ ದೊಡ್ಡದಾದ್ದರಿಂದ ಬೀದಿಯವರು ಅವನಿಗೆ ‘ದಪ್ಪಕ್ಷರ’ ಎಂದು ಹೆಸರಿಟ್ಟಿದ್ದರು. ಆರೋಪಿ ಅವನ ಭಾವಮೈದ, ಅಂದರೆ ಹೋದ ವಾರ ಏಣಿ ರಿಪೇರಿ ಮಾಡಿಕೊಟ್ಟ ಬಡಗಿಯೇ.

“ಎರಡು ಮೆಟ್ಟಿಲು ಹೆಚ್ಚಿಗೆ ಸೇರಿಸಿದ್ದೀಯ ಕಣೋ,” ಎಂದು ದಪ್ಪಕ್ಷರ ಸ್ಟೂಲಿನ ಮೇಲೆ ಕುಸಿದ. “ಮೇಲೆ ಹೋಗೋಷ್ಟರಲ್ಲಿ ಸಾಕೋಸಾಕಾಗುತ್ತೆ.”

“ಕೇಳದೆ ಒಂದು ಮೊಳೆ ಹೆಚ್ಚಿಗೆ ಹೊಡೆಯೋನಲ್ಲ ನಾನು. ನಿಮಗೆ ಬಿಟ್ಟಿ ಎರಡು ಮೆಟ್ಟಿಲು ಕೊಡ್ತೀನಾ ಭಾವ?”

ಎಣಿಸಿದರು. ಹನ್ನೆರಡಿತ್ತು. ಹಿಂದೆಯೂ ಹನ್ನೆರಡೇ. ಟೇಪು ಹಿಡಿದು ಅಳೆದದ್ದೂ ಆಯಿತು. ಏಣಿ ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

“ಹಾಗಾದ್ರೆ ಶುಗರ್ ಇಳಿದಿರಬೇಕು,” ಎಂದು ದಪ್ಪಕ್ಷರ ಹಣೆಯ ಬೆವರು ಒರೆಸಿಕೊಂಡು, ಜೇಬಿನ ಪೊಟ್ಟಣದಿಂದ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡ. ಹನ್ನೊಂದು ವರ್ಷದಿಂದ ಅವನಿಗೆ ಸಕ್ಕರೆ ಕಾಯಿಲೆ. ಏಣಿಯ ಮೇಲೆ ಬೆವರಿದಾಗಲೆಲ್ಲ ಶುಗರ್ ಇಳಿಯಿತೆಂದು ಅವನೇ ತೀರ್ಪು ಕೊಟ್ಟು, ಅವನೇ ಮದ್ದು ಮಾಡಿಕೊಳ್ಳುತ್ತಿದ್ದ. ಸಕ್ಕರೆ ಕಾಯಿಲೆಗೆ ಸಕ್ಕರೆಯೇ ಮದ್ದಾಗುವ ಈ ಏರ್ಪಾಡು ಅವನಿಗೆ ಬಹಳ ಹಿಡಿಸಿತ್ತು. ಡಾಕ್ಟರು ಬರೆದುಕೊಟ್ಟಿದ್ದ ರಕ್ತದೊತ್ತಡದ ಮಾತ್ರೆ, ಕೊಬ್ಬಿನ ಮಾತ್ರೆಗಳನ್ನು ಒಂದೇ ತಿಂಗಳಿಗೆ ಬಿಟ್ಟಿದ್ದ. “ನನಗಿರೋದು ಶುಗರ್. ಎದೆಗೇನಾಗಿದೆ? ಗುಂಡುಕಲ್ಲಿನ ಹಾಗಿದೆ,” ಎನ್ನುವುದು ಅವನ ವಾದ.

ಅಷ್ಟು ಹೊತ್ತಿಗೆ ಅವನ ಹೆಂಡತಿ ಬಣ್ಣದ ಡಬ್ಬಿಗಳ ಜೊತೆ ಬಂದಳು. ಇಪ್ಪತ್ತು ವರ್ಷದಿಂದ ಅವನ ಬಣ್ಣಗಳನ್ನೆಲ್ಲ ಕಲೆಸಿಕೊಡುತ್ತಿದ್ದವಳು ಅವಳೇ. ಗೋಡೆಗೆ ಒರಗಿದ್ದ ಏಣಿಯನ್ನು ನೋಡುತ್ತ ಹಾಗೇ ನಿಂತುಬಿಟ್ಟಳು.

ದಪ್ಪಕ್ಷರನಿಗೆ ಒಂದು ಅಭ್ಯಾಸ. ಹತ್ತುವಾಗ ಮೊದಲು ಎಲ್ಲಿ ನಿಂತು ಉಸಿರೆಳೆದುಕೊಂಡರೂ ಅಲ್ಲಿನ ಮೆಟ್ಟಿಲಿಗೆ ಬ್ರಷ್ ಒರೆಸದೆ ಮುಂದೆ ಹೋಗುತ್ತಿರಲಿಲ್ಲ.

“ಲೋ, ಈ ಹಸಿರು ಎಷ್ಟನೇ ಮೆಟ್ಟಿಲಲ್ಲಿದೆ ನೋಡು,” ಎಂದಳು ತಮ್ಮನಿಗೆ.

“ಹತ್ತನೇದು ಅಕ್ಕ.”

“ಅದು ಔಷಧಿ ಅಂಗಡಿಗೆ ಕಲೆಸಿದ್ದು. ಮೂರು ತಿಂಗಳಾಯ್ತು. ಈ ಕೆಂಪು?”

“ಏಳನೇದು.”

“ಬೇಕರಿದು. ಹೋದ ತಿಂಗಳಿನದು. ನೀಲಿ, ಮೊನ್ನೆ ಸ್ಕೂಲಿನ ಬೋರ್ಡಿಗೆ ಕಲೆಸಿದ್ದು...” ಅದನ್ನು ಅವಳೇ ಬೆರಳಿಟ್ಟು ಎಣಿಸಿದಳು. ನಾಲ್ಕನೆಯದು.

ಬಡಗಿ ಟೇಪು ಸುತ್ತಿಟ್ಟ.

“ಏಣಿ ಬೆಳೆದಿಲ್ಲ ರೀ,” ಎಂದಳು ಅವಳು. “ನೀವು ಇಳೀತಾ ಇದ್ದೀರಿ.”

“ನನಗೆ ನೋವೇ ಇಲ್ಲವಲ್ಲೇ!”

“ನೋವು ನಿಮ್ಮನ್ನ ಕೇಳಿಕೊಂಡು ಬರುತ್ತಾ? ಏಳಿ ಮೊದಲು, ಆಸ್ಪತ್ರೆಗೆ ಹೋಗೋಣ.”

ಆಸ್ಪತ್ರೆಯ ಡಾಕ್ಟರಮ್ಮ ಇಸಿಜಿ ಕಾಗದವನ್ನು ಎರಡು ಸಲ ನೋಡಿದರು. “ನಿಮಗೆ ಹಾರ್ಟ್ ಅಟ್ಯಾಕ್ ಆಗಿಹೋಗಿದೆ. ಯಾವಾಗ ಅಂತ ಗೊತ್ತಾ?”

“ಆಗಿದ್ರೆ ನನಗೇ ಗೊತ್ತಾಗ್ತಿರಲಿಲ್ವಾ ಮೇಡಂ?”

“ಬಹಳ ವರ್ಷದಿಂದ ಶುಗರ್ ಇದ್ದರೆ ನರಗಳು ಮಂಕಾಗ್ತವೆ. ಕೆಲವರಿಗೆ ಎದೆನೋವೇ ಬರಲ್ಲ. ಬೆವರು, ಸುಸ್ತು, ಉಸಿರು ಕಟ್ಟೋದು, ಅಷ್ಟೇ.”

ಅವನು ಜೇಬಿನ ಸಕ್ಕರೆ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ, ಕದ್ದ ಮಾಲು ಒಪ್ಪಿಸುವವನ ಹಾಗೆ.

“ಇದನ್ನ ತಿನ್ನೋ ಮುಂಚೆ ಶುಗರ್ ಎಷ್ಟಿದೆ ಅಂತ ಚೆಕ್ ಮಾಡ್ತಿದ್ರಾ?”

“ಏಣಿ ಮೇಲಾ?”

ಹೆಂಡತಿ ಮೂರು ಬಣ್ಣಗಳ ಕತೆ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. ಹಸಿರು ಹತ್ತು, ಕೆಂಪು ಏಳು, ನೀಲಿ ನಾಲ್ಕು ಎಂದು ಫೈಲಿನಲ್ಲಿ ಬರೆದುಕೊಂಡು, ಅವತ್ತೇ ದಾಖಲು ಮಾಡಿಕೊಂಡರು.

ಹೃದಯದ ಮೂರು ರಕ್ತನಾಳಗಳೂ ಕಟ್ಟಿಕೊಂಡಿದ್ದವು. ಶುಗರ್ ಇರುವವರಿಗೆ ಮೂರೂ ಕಟ್ಟಿಕೊಂಡಾಗ ಸ್ಟೆಂಟಿಗಿಂತ ಬೈಪಾಸ್ ಆಪರೇಷನ್ನೇ ಹೆಚ್ಚು ಬಾಳಿಕೆಯದು ಎಂದರು. ಮಾಡಿಸದಿದ್ದರೆ ಮುಂದಿನ ಆಘಾತವೂ ಹೇಳದೆ ಕೇಳದೆ ಬರಬಹುದು. ಅದಾದ ಮೇಲೆ ಹೇಳಿಸಿಕೊಳ್ಳಲು ಅವನು ಇರದೆಯೂ ಹೋಗಬಹುದು.

“ಸ್ಕೂಲ್ ಬೋರ್ಡಿನ ಮೇಲಿನ ಸಾಲು ಹಾಗೇ ಇದೆ,” ಎಂದ ದಪ್ಪಕ್ಷರ. ಉಸಿರು ಸಾಲದೆ, ಮೇಲಿನಿಂದ ಕೆಳಕ್ಕೆ ಬರೆಯುವ ಕಸುಬಿನ ನಿಯಮ ಮುರಿದು, ಕೆಳಗಿನ ಸಾಲನ್ನು ಮೊದಲು ಬರೆದಿದ್ದ. ಹೆಂಡತಿ ಕೇಳಿದಾಗ ಬಿಸಿಲಿನ ನೆಪ ಹೇಳಿದ್ದವನು ನಿಜವನ್ನು ಈಗಷ್ಟೇ ಬಿಟ್ಟುಕೊಟ್ಟಿದ್ದ.

“ಅದೇನು ಓಡಿ ಹೋಗುತ್ತಾ? ನೀವು ಉಳೀರಿ ಸಾಕು.”

ಆಪರೇಷನ್ನಿನ ದಿನ ಬೆಳಿಗ್ಗೆ ಗಾಲಿಮಂಚ ತಂದರು. ಮಲಗಿದವನ ದನಿ ಮೊದಲ ಸಲ ಸಣ್ಣಕ್ಷರಕ್ಕೆ ಇಳಿದಿತ್ತು. ಏಣಿ ಹತ್ತುವ ಮುಂಚೆ ದಿನಾ ಕೇಳುತ್ತಿದ್ದುದನ್ನೇ ಕೇಳಿದ.

“ಕೆಳಗೆ ನಿಂತಿರ್ತೀಯ ತಾನೇ?”

“ಇಪ್ಪತ್ತು ವರ್ಷದಿಂದ ಇನ್ನೆಲ್ಲಿ ನಿಂತಿದ್ದೆ?” ಎಂದಳು. ಬಾಗಿಲು ಮುಚ್ಚಿದ ಮೇಲೆ ತಮ್ಮನ ತೋಳು ಹಿಡಿದುಕೊಂಡು ನಿಂತೇ ಇದ್ದಳು. ಕುರ್ಚಿ ತಂದರೂ ಕೂರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಹೃದಯದಲ್ಲಿ ಸತ್ತುಹೋಗಿದ್ದ ಭಾಗ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರಮ್ಮ. ಮಾತ್ರೆಗಳ ಡಬ್ಬಿ ಹೆಂಡತಿಯ ವಶಕ್ಕೆ ಹೋಯಿತು. ದಿನಕ್ಕೆ ಆರು, ಒಂದಕ್ಕೂ ವಿನಾಯಿತಿ ಇಲ್ಲ. ಸಕ್ಕರೆ ಪೊಟ್ಟಣದ ಜಾಗಕ್ಕೆ ಶುಗರ್ ನೋಡುವ ಸಣ್ಣ ಯಂತ್ರ ಬಂತು.

ನಾಲ್ಕು ತಿಂಗಳ ನಂತರ ಸ್ಕೂಲಿನ ಬೋರ್ಡು ಮುಗಿಯಿತು. ಮೇಲಿನ ಸಾಲನ್ನು ಹೆಂಡತಿ ಬರೆದಳು. ಅವನು ಏಣಿ ಹಿಡಿದುಕೊಂಡಿದ್ದ.